ಎರಡನೆಯ ಮುಳ್ಳು

ಆ ಭಾನುವಾರ ಬೆಳಿಗ್ಗೆ ಸಿದ್ದಲಿಂಗೇಶನಿಗೆ ಸ್ವಂತ ಮನೆಯ ಮೆಟ್ಟಿಲು ಹತ್ತುವುದೂ ಅವಮಾನದ ಕೆಲಸವಾಯಿತು. ಅಂಗೈಯಲ್ಲಿದ್ದ ಸಾಬೂನು ಡಬ್ಬಿಯಷ್ಟು ದೊಡ್ಡ ಯಂತ್ರ ಅವನು ಏರಿದರೆ ಪೀಂ ಪೀಂ ಎಂದು ಹಿಗ್ಗುತ್ತಿತ್ತು, ಇಳಿದರೆ ಹೊಟ್ಟೆ ಕೆಟ್ಟವರ ಹಾಗೆ ಗೊರ್ ಎನ್ನುತ್ತಿತ್ತು. ಮಾಳಿಗೆಗೆ ನಾಲ್ಕು ಸಲ ಹತ್ತಿ ಇಳಿದಾಯಿತು. ಐದನೆಯ ಸಲಕ್ಕೆ ಹೆಂಡತಿ ನೀಲವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಹಿಟ್ಟು ಮೆತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು, "ಏರಿದ್ದು ಇಳಿದದ್ದು ನಿಮಗ ಗೊತ್ತಾಗಂಗಿಲ್ಲೇನ್ರಿ? ಅದಕ್ಕೂ ಒಂದು ಮಶೀನು ಬೇಕೇನು?" ಎಂದಳು. ಗೊತ್ತಾಗುವುದಿಲ್ಲ ಎಂಬುದೇ ನಿಜವಾಗಿತ್ತು. ನೆಲದ ಮೇಲಾದರೆ ಮೊಣಕಾಲು ಹೇಳುತ್ತದೆ. ಮೇಲೆ, ಎಂಜಿನ್ನಿಲ್ಲದ ಗ್ಲೈಡರಿನೊಳಗೆ ಕಾಲು ಚಾಚಿ ಕೂತವನಿಗೆ, ತಾನು ಬಿಸಿ ಗಾಳಿಯ ಜೊತೆ ಮೆಲ್ಲಗೆ ಏರುತ್ತಿದ್ದೇನೋ ತಣ್ಣನೆ ಗಾಳಿಯ ಜೊತೆ ಮೆಲ್ಲಗೆ ಇಳಿಯುತ್ತಿದ್ದೇನೋ ಎಂಬುದನ್ನು ಒಂದು ಮುಳ್ಳು ಹೇಳಬೇಕು. ಆ ಮುಳ್ಳಿನ ಯಂತ್ರಕ್ಕೆ ವೇರಿಯೋಮೀಟರ್ ಎಂದು ಹೆಸರು, ಅವರ ನಾಲ್ಕು ಜನರ ಗುಂಪಿನಲ್ಲಿ ಬರೀ ವೇರಿಯೊ. ಇದನ್ನೆಲ್ಲ ನೀಲವ್ವನಿಗೆ ವಿವರಿಸಬಹುದಿತ್ತು. ಆದರೆ ವಿವರಿಸುತ್ತ ಹೋದರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿದ್ದವನಾಗಿ ಅವನು ಯಂತ್ರದ ಬಾಯಿ ಮುಚ್ಚಿಸಿ ಚೀಲಕ್ಕೆ ಹಾಕಿದ.

ಚೀಲದಲ್ಲಿ ಇನ್ನೊಂದಿತ್ತು. ಅದು ಗೂಡಿನಿಂದ ಬಿಚ್ಚಿದ ಗಡಿಯಾರದ ಹಾಗೆ ದುಂಡಗೆ, ಭಾರವಾಗಿ, ಬಿಳಿ ಮುಳ್ಳು ಕರಿ ಮುಖದ ಜರ್ಮನ್ ವೇರಿಯೊ. ಬ್ಯಾಟರಿ ಬೇಡ, ಕರೆಂಟು ಬೇಡ. ಜೊತೆಗೆ ಒಂದು ಸೀಸೆ ಇರುತ್ತದೆ, ಚಹಾದ ಥರ್ಮಾಸಿನಂಥದು. ವಿಮಾನ ಏರಿದಾಗ ಸೀಸೆಯ ಗಾಳಿ ಹೊರಗೆ ಹರಿಯುತ್ತದೆ, ಇಳಿದಾಗ ಒಳಗೆ ಬರುತ್ತದೆ, ಮುಳ್ಳು ಅದಕ್ಕೆ ತಕ್ಕಂತೆ ಆಡುತ್ತದೆ. ಎಲ್ಲೋ ಬಿಚ್ಚಿ ಗುಜರಿಗೆ ಹಾಕಿದ ಗ್ಲೈಡರಿನದು, ಅಂಚೆಯಲ್ಲಿ ತರಿಸಿದ್ದು. ಗ್ಲೈಡರಿನಲ್ಲಿ ಮೊದಲಿನಿಂದ ಇರುವ ಬ್ಯಾಟರಿ ವೇರಿಯೊದ ಜೊತೆಗೆ ಇವೆರಡರಲ್ಲಿ ಒಂದನ್ನು ಆರಿಸಿ, ಇವತ್ತೇ ಕೂಡಿಸಿ, ಮಧ್ಯಾಹ್ನ ದ್ರಾಕ್ಷಾಯಿಣಿಯನ್ನು ಮೊಟ್ಟಮೊದಲ ಸಲ ಒಬ್ಬಳನ್ನೇ ಮೇಲೆ ಕಳಿಸಬೇಕು. ಆರಿಸುವ ಮರ್ಯಾದೆ ಸಿದ್ದಲಿಂಗೇಶನದು. ರಾಣೇಬೆನ್ನೂರಿನ ಪೇಟೆಯಲ್ಲಿ ಇಪ್ಪತ್ತಾರು ವರ್ಷದಿಂದ ತಕ್ಕಡಿ ರಿಪೇರಿ ಮಾಡಿ, ತಿದ್ದಿ, ಸರಕಾರದ ಮುದ್ರೆ ಹಾಕಿಸಿ ಕೊಡುವ ಮನುಷ್ಯ ಅವನು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರು ದೇವರ ಮೇಲೆ ಆಣೆ ಇಟ್ಟರೆ ರೈತರು ನಂಬುವುದಿಲ್ಲ, ಸಿದ್ದಲಿಂಗೇಶ ಮುಟ್ಟಿದ ತಕ್ಕಡಿ ಎಂದರೆ ನಂಬುತ್ತಾರೆ. ಈ ನಂಬಿಕೆಯನ್ನು ಅವನು ಎಂದೂ ಕೇಳಿ ಪಡೆದವನಲ್ಲ. ಈಗ ಅದು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹಾವೇರಿ ಜಿಲ್ಲೆಯಲ್ಲಿ ಗ್ಲೈಡರ್ ಇದೆ ಎಂದರೆ ಹಾವೇರಿ ಜಿಲ್ಲೆಯವರೇ ನಂಬುವುದಿಲ್ಲ, ಅವರನ್ನು ನಂಬಿಸುವ ಹುಮ್ಮಸ್ಸು ಈಗ ಗುಂಪಿನಲ್ಲಿ ಯಾರಿಗೂ ಉಳಿದಿಲ್ಲ. ಶುರು ಮಾಡಿದವರು ಯೂಸುಫಸಾಬರು, ಹಾವೇರಿಯವರು, ಎಲ್ಲೆಲ್ಲೋ ಹುಡುಗರಿಗೆ ಗ್ಲೈಡರ್ ಕಲಿಸಿ ನಿವೃತ್ತರಾಗಿ ಊರಿಗೆ ಬಂದವರು. ಮನೆಯಲ್ಲಿ ಕೂತರೆ ಹೆಂಡತಿ ಸೈದಾಬಿ ಕೊತ್ತಂಬರಿ ಸೋಸಲು ಹಚ್ಚುತ್ತಾಳೆ ಎಂಬ ಒಂದೇ ಕಾರಣಕ್ಕೆ, ಮುಚ್ಚಿಹೋದ ಒಂದು ಕ್ಲಬ್ಬಿನಿಂದ ಎರಡು ಸೀಟಿನ ಕಟ್ಟಿಗೆಯ ಗ್ಲೈಡರನ್ನು ಲಾರಿಯಲ್ಲಿ ಹೊರಿಸಿಕೊಂಡು ಬಂದರು. ಬ್ಯಾಡಗಿಯ ಆಚೆ ತನ್ನ ಖಾಲಿ ಗೋದಾಮನ್ನೂ ಅದರ ಹಿಂದಿನ ಹುಲ್ಲುಗಾವಲನ್ನೂ ಬಿಟ್ಟುಕೊಟ್ಟವನು ಮೆಣಸಿನಕಾಯಿ ದಲಾಲಿಯ ಹಾಲಸಿದ್ದಪ್ಪ. ಜೀಪಿಗೆ ಹಗ್ಗ ಕಟ್ಟಿ ಎಳೆದರೂ ಅವನ ತೂಕಕ್ಕೆ ಗ್ಲೈಡರ್ ಏಳುವುದು ಕಷ್ಟ, ಹಾಗಾಗಿ ಅವನನ್ನು ಅಧ್ಯಕ್ಷನನ್ನಾಗಿ ಮಾಡಲಾಯಿತು. ಗೋದಾಮಿನ ಘಾಟು ಇನ್ನೂ ಹೋಗಿಲ್ಲ, ಗ್ಲೈಡರಿಗೂ ಹತ್ತಿದೆ, ಅದರೊಳಗೆ ಕೂತವರು ಮೊದಲು ಎರಡು ಸಲ ಸೀನಬೇಕು, ಅದೀಗ ಹಾರುವ ಮುಂಚಿನ ತಪಾಸಣೆಯ ಭಾಗವೇ ಆಗಿಬಿಟ್ಟಿದೆ. ಇನ್ನು ದ್ರಾಕ್ಷಾಯಿಣಿ. ಬ್ಯಾಡಗಿಯಲ್ಲಿ ಹೊಲಿಗೆ ಅಂಗಡಿ ಅವಳದು. ರೆಕ್ಕೆಗೆ ಬಿಗಿದ ಬಟ್ಟೆ ಹರಿದಾಗ ತೇಪೆ ಹಾಕಲು ಕರೆದರು. ಹಾಕಿದಳು. ಕೂಲಿ ಎಷ್ಟಾಯಿತಮ್ಮ ಎಂದರೆ, "ರೊಕ್ಕ ಬ್ಯಾಡ್ರಿ, ಹಾರೂದು ಕಲಸ್ರಿ" ಎಂದು ಕತ್ತರಿ ಚೀಲಕ್ಕೆ ಹಾಕಿಕೊಂಡು ನಿಂತುಬಿಟ್ಟಳು. ನಗಬೇಕೋ ಬೇಡವೋ ತಿಳಿಯದೆ ಮೂವರು ಗಂಡಸರೂ ಅವತ್ತು ಆಕಾಶ ನೋಡಿದ್ದರು.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಸೇತುವೆ ಏರುವಾಗ ಚೀಲದೊಳಗಿನ ಡಬ್ಬಿ ತಾನಾಗಿ ಎಚ್ಚರವಾಗಿ ಪೀಂ ಪೀಂ ಪೀಂ ಎಂದು ಬಾಯಿ ಮಾಡತೊಡಗಿತು. ಮುಂದಿನ ಸೀಟಿನ ಹೆಂಗಸು ತನ್ನ ಫೋನು ನೋಡಿಕೊಂಡಳು. ಕಂಡಕ್ಟರ್ ಎದ್ದು ಬಂದ. "ಯಾರದ್ರೀ ಅದು, ಏನದು?" ಎಂದ. ಸಿದ್ದಲಿಂಗೇಶ ಚೀಲದಲ್ಲಿ ಕೈ ಆಡಿಸುತ್ತ, ಬೇರೇನೂ ಹೊಳೆಯದೆ, "ಬಸ್ಸು ಮ್ಯಾಲೆ ಏರಾಕತ್ತೈತ್ರಿ, ಅದನ್ನ ಹೇಳಾಕತ್ತೈತಿ" ಎಂದ. ಕಂಡಕ್ಟರ್ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಅದು ಡ್ರೈವರಗ ಗೊತ್ತೈತ್ರಿ" ಎಂದು ಹೋದ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಸೇತುವೆ ಇಳಿಯುವಾಗ ಡಬ್ಬಿ ಗೊರ್ ಎಂದಿತು, ಆಗ ನಗದವರು ಯಾರೂ ಉಳಿಯಲಿಲ್ಲ. ನಗಲಿ, ಅನ್ನಿಸಿತು ಅವನಿಗೆ. ಈ ಬಾಯಿಬಡುಕ ಡಬ್ಬಿಯೇ ಇವತ್ತು ನನ್ನ ಮಾನ ಉಳಿಸಬೇಕು. ಅದರ ಗುಣ ಒಂದೇ. ಅದಕ್ಕೆ ಬಾಲದ ಮೇಲಿನ ನಳಿಗೆ ಬೇಕಿಲ್ಲ.

ಆ ನಳಿಗೆ ಬೆರಳು ದಪ್ಪದ್ದು, ಗೇಣುದ್ದದ್ದು, ಹಿತ್ತಾಳೆಯದು. ಬಾಲದ ರೆಕ್ಕೆಯಿಂದ ಮುಂದಕ್ಕೆ ಚಾಚಿಕೊಂಡಿದೆ, ತುದಿಯಲ್ಲಿ ಸೂಜಿ ಹೋಗುವಷ್ಟು ಎರಡು ತೂತು. ವೇರಿಯೊ ಉಸಿರಾಡುವುದು ಆ ತೂತಿನಿಂದ. ನೋಡಿದರೆ ಯಾವ ಕೆಲಸಕ್ಕೂ ಬಾರದ್ದು ಅನ್ನಿಸಬೇಕು, ಹಾಗಿದೆ. ಆಯುಧ ಪೂಜೆಯ ದಿನ ಹಾಲಸಿದ್ದಪ್ಪ ಚೆಂಡುಹೂವಿನ ಮಾಲೆ, ಬೂದುಗುಂಬಳ, ಕರ್ಪೂರ ಎಲ್ಲ ತಂದು ಗ್ಲೈಡರಿನ ಮೂಗಿಗೆ ವಿಭೂತಿ ಬಳಿಯುತ್ತಿದ್ದಾಗ ಸಿದ್ದಲಿಂಗೇಶ ಕೈ ಕಟ್ಟಿಕೊಂಡು ನಿಂತು, "ಸಾವ್ಕಾರ್ರ, ಗಾಳಿಗೇನು ಬೂದಗುಂಬಳ ಕಾಣತೈತ್ರಿ?" ಎಂದಿದ್ದ. ಯೂಸುಫಸಾಬರು ಮೀಸೆಯಲ್ಲಿ ನಕ್ಕಿದ್ದರು, ದ್ರಾಕ್ಷಾಯಿಣಿ ತನ್ನ ಕತ್ತರಿಯನ್ನು ಪೂಜೆಗೆಂದು ರೆಕ್ಕೆಯ ಕೆಳಗೆ ಇಡುತ್ತಿದ್ದವಳು ಅಲ್ಲೇ ಬಗ್ಗಿ ನಕ್ಕಿದ್ದಳು. ಹಾಲಸಿದ್ದಪ್ಪನ ಮುಖ ಸಣ್ಣದಾಗಿತ್ತು. ಆಮೇಲೆ ಹೋಳಿಗೆ ಊಟಕ್ಕೆಂದು ಎಲ್ಲರೂ ಹಾಲಸಿದ್ದಪ್ಪನ ಮನೆಗೆ ಹೊರಟಾಗ, ನಾನು ಬಾಗಿಲು ಹಾಕಿಕೊಂಡು ಬರುತ್ತೇನೆ ಎಂದು ಹಿಂದೆ ಉಳಿದವನು, ಸಂಜೆಯ ಬೆಳಕಿನಲ್ಲಿ ಬಾಲದ ಕಡೆ ನಡೆದು, ನೀಲವ್ವನ ಪೂಜೆಯ ತಟ್ಟೆಯಿಂದ ತಂದಿದ್ದ ನಿಂಬೆಹಣ್ಣನ್ನು ಪ್ಯಾಂಟಿನ ಜೇಬಿನಿಂದ ತೆಗೆದು, ಆ ಹಿತ್ತಾಳೆ ನಳಿಗೆಗೆ ಚುಚ್ಚಿದ. ಇಡೀ ಗ್ಲೈಡರಿನಲ್ಲಿ ನಿಂಬೆಹಣ್ಣು ಚುಚ್ಚಲು ಅನುಕೂಲವಾಗಿದ್ದದ್ದು ಅದೊಂದೇ. ಅದು ಯಂತ್ರದ ಮೂಗು ಎಂದು ಆ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನೂ ಅವನೊಬ್ಬನೇ. ಹಿಂದಿನ ತಿಂಗಳು ಮೇಲೆ ಹೋದಾಗ, ಕಾರಣವಿಲ್ಲದೆ, ಅವನ ಎಡಗಾಲಿನ ಮೀನಖಂಡ ಗಡಗಡ ನಡುಗಿತ್ತು. ಇಳಿದ ಮೇಲೂ ಅರ್ಧ ತಾಸು ನಿಂತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು, ಅಷ್ಟೇ. ಹೆದರಿಕೆಗೆ ಮುದ್ರೆ ಹಾಕುವ ಇಲಾಖೆ ಇಲ್ಲ, ನಿಂಬೆಹಣ್ಣು ಇತ್ತು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಹಣ್ಣು ಕಿತ್ತೆಸೆದ, ಕರವಸ್ತ್ರದಿಂದ ನಳಿಗೆ ಒರೆಸಿದ, ಆಮೇಲೆ ಒಬ್ಬನೇ ಹಾರಿದ. ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಸೊನ್ನೆ ಎಂದರೆ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಸಮ ನಿಂತ ಮುಳ್ಳನ್ನು ಇಪ್ಪತ್ತಾರು ವರ್ಷ ಪ್ರೀತಿಸಿದವನಿಗೆ ಅದಕ್ಕಿಂತ ನೆಮ್ಮದಿ ಯಾವುದಿದೆ? ಪಕ್ಕದಲ್ಲೇ ಎತ್ತರ ತೋರಿಸುವ ಇನ್ನೊಂದು ಗಡಿಯಾರ ಕೆಳಗೆ ಕೆಳಗೆ ಜಾರುತ್ತಿತ್ತು. ಅವನು ಅದನ್ನು ನೋಡಲೇ ಇಲ್ಲ. ಕದರಮಂಡಲಗಿಯ ಆಂಜನೇಯನ ಗುಡಿಯ ಗೋಡೆ ಮೇಲೆ ಕೂತ ಮಂಗಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಗೊತ್ತಾಗುವಷ್ಟು ಹತ್ತಿರ ಬಂದಾಗ ಎಚ್ಚರವಾಯಿತು. ಗೋವಿನಜೋಳ ಕೊಯ್ದ ಹೊಲವೊಂದು ಸಿಕ್ಕದ್ದು ಪುಣ್ಯ. ಕೂಳೆಯ ಮೇಲೆ ಹೊಟ್ಟೆ ಉಜ್ಜಿಕೊಂಡು, ಅಡಿಯ ಬಟ್ಟೆ ಹರಿದುಕೊಂಡು ನಿಂತಾಗ ಹೊಲದೊಡತಿ ಮಂಗಳವ್ವ ಎಂಬ ಮುದುಕಿ ಕುಡುಗೋಲು ಹಿಡಿದೇ ಬಂದಳು. "ಯಾಕೋ ಯಪ್ಪಾ, ಎಣ್ಣಿ ತೀರಿತೇನು?" ಎಂದಳು. "ಇದಕ್ಕ ಎಣ್ಣಿ ಹಾಕಂಗಿಲ್ಲಬೇ, ಎಂಜಿನ್ನ ಇಲ್ಲ." ಮುದುಕಿ ಗ್ಲೈಡರನ್ನು ಒಂದು ಸುತ್ತು ಹಾಕಿ ಬಂದು, ನಿಜವಾಗಿ ತಿಳಿಯಬೇಕೆಂದೇ, "ಎಂಜಿನ್ನ ಇಲ್ಲದ್ದ ತಗೊಂಡು ಯಾಕ ಹೋದಿ ಮತ್ತ?" ಎಂದು ಕೇಳಿದಳು. ಅವಳು ಕೊಟ್ಟ ಮಜ್ಜಿಗೆ ಕುಡಿಯುತ್ತಿರುವಾಗ ಯೂಸುಫಸಾಬರು ಜೀಪಿನಲ್ಲಿ ಬಂದು ಮೊದಲು ಅವನ ಕೈ ಕಾಲು ಮುಟ್ಟಿ ನೋಡಿ, ಆಮೇಲೆ, "ಏನಾತೋ ಸಿದ್ದಲಿಂಗು?" ಎಂದರು. ಅವನು ಹೇಳಿದ: "ವೇರಿಯೊ ಕೈ ಕೊಟ್ಟಿತ್ರಿ."

ಕೈ ಕೊಟ್ಟಿರಲಿಲ್ಲ. ಪರೀಕ್ಷೆಗೆಂದು ಬಿಚ್ಚಿ ಅಂಗಡಿಗೆ ತಂದಾಗ ಅದು ಮೇಜಿನ ಮೇಲೆ ಚಿನ್ನದಂಥ ಕೆಲಸ ಮಾಡಿತು. ನೆಲದಿಂದ ಕಪಾಟಿನ ಮೇಲಕ್ಕೆತ್ತಿದರೂ ಮುಳ್ಳು ಆಡಿತು. ಅವನು ಅದನ್ನು ಎದುರಿಗಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದ. ಸುಳ್ಳು ಹೇಳುವ ತಕ್ಕಡಿಗಳನ್ನು ಅವನು ಸಾವಿರ ನೋಡಿದ್ದ, ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದ್ದು, ತೂಕದ ಕಲ್ಲು ಕೊರೆದದ್ದು. ಸತ್ಯ ಹೇಳುವ ಯಂತ್ರದ ಮೇಲೆ ಸುಳ್ಳು ಹೊರಿಸಿದ್ದು ಇದೇ ಮೊದಲು. "ಒಳಗ ಏನೋ ಲೂಜ್ ಇತ್ತು, ತಿದ್ದೀನಿ, ಆದ್ರ ಭರೋಸಾ ಇಲ್ರಿ" ಎಂದು ಹೇಳಿ ಹೋದ ಭಾನುವಾರ ಮತ್ತೆ ಕೂಡಿಸಿ ಬಂದ. ಭರೋಸಾ ಇಲ್ಲದ ಮೇಲೆ ಎರಡನೆಯದೊಂದು ಬೇಕು, ಅದು ಬರುವವರೆಗೆ ದ್ರಾಕ್ಷಾಯಿಣಿ ಒಬ್ಬಳೇ ಹಾರುವುದು ಬೇಡ ಎಂದು ಹಾಲಸಿದ್ದಪ್ಪ ಫರ್ಮಾನು ಹೊರಡಿಸಿದ. ಅವಳು ನಾಲ್ಕು ಭಾನುವಾರ ಕಾದಿದ್ದಳು. ಈ ನಾಲ್ಕು ವಾರದಲ್ಲಿ ಆ ನಳಿಗೆಯನ್ನು ಒಮ್ಮೆ ಇಣುಕಿ ನೋಡುವುದು ಅವನಿಗೆ ಆಗಲಿಲ್ಲ. ಹೋದಾಗೆಲ್ಲ ದ್ರಾಕ್ಷಾಯಿಣಿ ಅಡಿಯ ಬಟ್ಟೆ ಹೊಲಿಯುತ್ತ ಕೂತಿರುತ್ತಿದ್ದಳು ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ. ನೋಡಿದರೆ ಒಣಗಿದ ನಿಂಬೆ ತಿರುಳು ಇದ್ದೇ ಇರುತ್ತದೆ, ನೋಡದಿದ್ದರೆ ಇಲ್ಲದಿರಲೂಬಹುದು ಎಂಬುದು ಖರೇ ಕಾರಣ. ಜರ್ಮನ್ ಮುಳ್ಳನ್ನು ಆರಿಸಿದರೆ ಅದೂ ಅದೇ ನಳಿಗೆಯಿಂದ ಉಸಿರಾಡಬೇಕು, ಎರಡೂ ಒಟ್ಟಿಗೆ ಕುರುಡಾಗುತ್ತವೆ. ಡಬ್ಬಿಗೆ ಅದರ ಹಂಗಿಲ್ಲ. ಡಬ್ಬಿ ಆರಿಸಿದರೆ ದ್ರಾಕ್ಷಾಯಿಣಿಯೂ ಸುರಕ್ಷಿತ, ಅವನ ಗುಟ್ಟೂ ಸುರಕ್ಷಿತ. ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಈ ಲೆಕ್ಕ ಅವನಿಗೆ ಬಹಳ ಸರಿಯಾಗಿ ಕಂಡಿತು.

ಗೋದಾಮಿನಲ್ಲಿ ಮೂವರೂ ಇದ್ದರು. ಗ್ಲೈಡರನ್ನು ಹೊರಗೆ ಎಳೆದು ಬಿಸಿಲಿಗೆ ನಿಲ್ಲಿಸಿದ್ದರು. ದ್ರಾಕ್ಷಾಯಿಣಿ ಹೊಸ ಚೂಡಿದಾರ ಹಾಕಿಕೊಂಡು, ಅದರ ವೇಲನ್ನು ಗ್ಲೈಡರ್ ತಿರುಗಿಸುವ ಕೋಲಿಗೆ ಸಿಗಬಾರದೆಂದು ಸೊಂಟಕ್ಕೆ ಬಿಗಿದು, ಹೊಲಿಗೆಯವರ ಅಭ್ಯಾಸದಂತೆ ಕಾಲರಿಗೆ ಎರಡು ಸೂಜಿ ಚುಚ್ಚಿಕೊಂಡು ನಿಂತಿದ್ದಳು. ಗ್ಲೈಡರಿನ ಫಲಕದಲ್ಲಿ ಎರಡನೆಯ ಯಂತ್ರಕ್ಕೆಂದು ಬಿಟ್ಟ ದುಂಡು ತೂತಿನಿಂದ ಗಾಳಿ ಬರುತ್ತದೆಂದು ಅವಳೇ ರೆಕ್ಕೆಯ ಬಟ್ಟೆಯ ಒಂದು ತುಂಡು ಕತ್ತರಿಸಿ ಅಂಟಿಸಿದ್ದಳು. ಇವತ್ತು ಅದನ್ನು ಕಿತ್ತಾಗಿತ್ತು. ಸಿದ್ದಲಿಂಗೇಶ ಎರಡೂ ಯಂತ್ರಗಳನ್ನು ರೆಕ್ಕೆಯ ಮೇಲೆ ಟವೆಲ್ ಹಾಸಿ ಇಟ್ಟ. ಡಬ್ಬಿಯನ್ನು ಎತ್ತಿ ಇಳಿಸಿ ಅದರ ಕೂಗು ಕೇಳಿಸಿದ. ಹಾಲಸಿದ್ದಪ್ಪ ಕಿವಿ ಮುಚ್ಚಿಕೊಂಡ.

"ಇದು ನಮ್ಮ ಮೊಮ್ಮಗನ ಆಟಿಗಿ ಇದ್ದಂಗೈತಲ್ಲೋ. ಅದ ನೋಡು, ಆ ಮುಳ್ಳಿಂದು. ಅದು ಖರೇ ಇಮಾನದ್ದ ಅನಸತೈತಿ."

"ಪೀಂ ಪೀಂ ಅನ್ನಾಕ ನಮ್ಮನ್ಯಾಗ ಕುಕ್ಕರ್ ಐತ್ರಿ," ಎಂದಳು ದ್ರಾಕ್ಷಾಯಿಣಿ.

ಯೂಸುಫಸಾಬರಿಗೆ ಎರಡರ ಮೇಲೂ ಅಂಥ ಗೌರವವಿರಲಿಲ್ಲ. "ನಮ್ಮ ಕಾಲದಾಗ ಒಂದ ಯಂತ್ರ ಇತ್ತು, ಕುಂಡಿ. ಗಾಳಿ ಎತ್ತಿದ್ರ ಮೊದಲ ಕುಂಡೀಗೆ ಗೊತ್ತಾಗತೈತಿ, ಆಮ್ಯಾಲೆ ಮುಳ್ಳಿಗೆ. ಬ್ಯಾಟರಿ ಬ್ಯಾಡ, ಏನ ಬ್ಯಾಡ," ಎಂದು ಹೇಳಿ, ಹೆಣ್ಣುಮಗಳ ಎದುರು ಎಂಥ ಮಾತಾಡಿದೆ ಎಂದು ನೆನಪಾಗಿ ಕೆಮ್ಮಿದರು. "ಮಾಫ್ ಮಾಡವಾ ತಂಗಿ."

"ಇರ್ಲಿ ಬಿಡ್ರಿ ಚಾಚಾ, ನಂಗೂ ಒಂದೈತಿ," ಎಂದಳು ಅವಳು. ಎಲ್ಲರೂ ನಕ್ಕರು. ಸಿದ್ದಲಿಂಗೇಶನೂ ನಕ್ಕ, ಅಥವಾ ಅವನ ಹಲ್ಲು ಹೊರಗೆ ಬಂದವು. ನಗು ಮುಗಿದ ಮೇಲೆ ಅವಳು ನೇರ ಅವನ ಕಡೆ ತಿರುಗಿದಳು. "ಅಣ್ಣಾರ, ನೀವು ಹೇಳ್ರಿ. ಯಾವುದು? ನಿಮ್ಮ ಮಾತಿನ ಮ್ಯಾಲ ನಾ ಹೋಗಾಕಿ."

ಅವನು ಡಬ್ಬಿಯ ಪರವಾಗಿ ಮಾತಾಡತೊಡಗಿದ. ಕಣ್ಣು ಹೊರಗೇ ಇಟ್ಟುಕೊಂಡು ಕಿವಿಯಲ್ಲಿ ಕೇಳಬಹುದು ಎಂದ. ಹಗುರ ಎಂದ. ಸ್ವಂತ ಬ್ಯಾಟರಿ ಇದೆ ಎಂದ. ಮಾತಾಡುತ್ತ ಮಾತಾಡುತ್ತ, ಹಾಳಾದ ತಕ್ಕಡಿಯನ್ನು ಹೊಗಳುವ ವ್ಯಾಪಾರಿಯ ಧ್ವನಿ ತನ್ನದರಲ್ಲಿ ಬಂದು ಸೇರಿಕೊಂಡದ್ದು ಅವನಿಗೇ ಕೇಳಿಸಿತು. ಯೂಸುಫಸಾಬರು ತಲೆ ವಾರೆ ಮಾಡಿ, "ಬ್ಯಾಟರಿ ತೀರಿದ್ರ?" ಎಂದರು. "ತೀರಂಗಿಲ್ರಿ." "ಮೊದಲಿಂದೂ ಬ್ಯಾಟರೀದ. ಎರಡನೇದೂ ಬ್ಯಾಟರೀದ ಆದ್ರ ಅದಕ್ಕ ಎರಡನೇದು ಅಂತ ಯಾಕ ಅನಬೇಕು? ಮುಳ್ಳಿಂದು ಬ್ಯಾಡಂತಿ ಯಾಕ, ಅದನ್ನ ಹೇಳು." ಅವನ ಬಾಯಿಯಲ್ಲಿ ಉತ್ತರ ಇತ್ತು, ನಿಂಬೆಹಣ್ಣಿನಷ್ಟೇ ದಪ್ಪಗೆ. ಅದನ್ನು ನುಂಗಿ, "ಹಂಗೇನಿಲ್ರಿ, ನಿಮ್ಮ ಇಷ್ಟ" ಎಂದುಬಿಟ್ಟ. "ಹಂಗಾದ್ರ ಮುಳ್ಳಿಂದ ಕೂಡಸು. ಬಾಲದ ಪೈಪಿನಿಂದ ಬರೂ ರಬ್ಬರ್ ಕೊಳವಿಗೆ ಒಂದು ಕವಲು ಹಾಕು, ಮುಗೀತು." ಆರಿಸುವ ಕೆಲಸ ಹೀಗೆ ಮುಗಿಯಿತು. ಒಂದು ತಿಂಗಳಿನಿಂದ ಅವನು ಆರಿಸುತ್ತಿದ್ದದ್ದನ್ನು ಯೂಸುಫಸಾಬರು ಎರಡು ನಿಮಿಷದಲ್ಲಿ ಆರಿಸಿದರು.

ಅವನು ಗ್ಲೈಡರಿನೊಳಗೆ ತಲೆ ಕೆಳಗೆ ಮಾಡಿ ಮಲಗಿ, ಎರಡು ಸಲ ಸೀನಿ, ರಬ್ಬರ್ ಕೊಳವೆ ಕತ್ತರಿಸಿ ಕವಲು ಹಾಕಿದ. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ತಲೆಯೊಳಗೆ ಇನ್ನೊಂದು ಲೆಕ್ಕ ನಡೆದಿತ್ತು. ಐದು ನಿಮಿಷ, ಬಾಲದ ಹತ್ತಿರ ಐದೇ ನಿಮಿಷ ಒಬ್ಬನೇ ಸಿಕ್ಕರೆ ಸಾಕು. ಒಂದು ತಂತಿ, ಒಂದು ಊದು. ಯಾರಿಗೂ ತಿಳಿಯದ ಹಾಗೆ ಕೆಟ್ಟದ್ದು ಯಾರಿಗೂ ತಿಳಿಯದ ಹಾಗೆ ಸರಿಯಾಗುತ್ತದೆ. ಸಿಗದಿದ್ದರೆ? ಸಿಗದಿದ್ದರೆ ಅವಳು ಮೇಲೆ ಹೋಗುತ್ತಾಳೆ, ಎರಡು ಸುಳ್ಳು ಸೊನ್ನೆಗಳನ್ನು ಎದುರಿಗಿಟ್ಟುಕೊಂಡು. ಅವಳಿಗೆ ಎತ್ತರದ ಗಡಿಯಾರ ನೋಡುವ ಬುದ್ಧಿ ಇದೆ, ಯೂಸುಫಸಾಬರು ಕಲಿಸಿದ್ದಾರೆ, ಅವಳದ್ದು ಕೆಲಸ ಮಾಡುವ ಕುಂಡಿ. ಈ ಯೋಚನೆ ಬಂದದ್ದೇ ತಾನು ಎಂಥ ಮನುಷ್ಯ ಎಂದು ಅವನಿಗೆ ಅಸಹ್ಯವಾಯಿತು. ಅಸಹ್ಯವಾದರೂ ಸ್ಕ್ರೂ ತಿರುವುವುದು ನಿಲ್ಲಲಿಲ್ಲ. ತಲೆ ಎತ್ತಿ ಹೊರಗೆ ಬರುವಷ್ಟರಲ್ಲಿ ಯೂಸುಫಸಾಬರು ದ್ರಾಕ್ಷಾಯಿಣಿಯನ್ನು ಕರೆದುಕೊಂಡು ಹಾರುವ ಮುಂಚಿನ ಪ್ರದಕ್ಷಿಣೆ ಶುರು ಮಾಡಿದ್ದರು. ರೆಕ್ಕೆಯ ತುದಿ ಮುಟ್ಟಿದರು, ತೇಪೆ ಸವರಿದರು, ಬಾಲದ ಕಡೆ ಹೋದರು. ಅವನೂ ಓಡಿದಂತೆ ನಡೆದ.

ನಳಿಗೆಯ ಮೇಲೆ ನಿಂಬೆಹಣ್ಣು ಇತ್ತು.

ಅವನಿಗೆ ಒಂದು ಗಳಿಗೆ ಇದು ತನ್ನದೇ, ನಾಲ್ಕು ವಾರದ ಹಿಂದಿನದೇ, ಕಿತ್ತೆಸೆದದ್ದು ಬರೀ ಕನಸು ಅನ್ನಿಸಿತು. ಅಲ್ಲ. ಇದು ಅರ್ಧ ಹೋಳು, ಹೊಸದು, ರಸ ಇನ್ನೂ ಬಾಲದ ಬಣ್ಣದ ಮೇಲೆ ಇಳಿಯುತ್ತಿತ್ತು. ಯೂಸುಫಸಾಬರ ಮುಖ ಕೆಂಪಾಯಿತು. ಅವರು ಸಿಟ್ಟಾದದ್ದನ್ನು ಆ ಗುಂಪಿನಲ್ಲಿ ಯಾರೂ ನೋಡಿರಲಿಲ್ಲ. "ಯಾರ ಕೆಲಸ ಇದು?"

"ನಂದ್ರಿ ಚಾಚಾ," ಎಂದಳು ದ್ರಾಕ್ಷಾಯಿಣಿ. ಯಾವ ಅಳುಕೂ ಇರಲಿಲ್ಲ ಅವಳ ದನಿಯಲ್ಲಿ. "ತಗೀಬೇಕಂತಿದ್ನಿ, ಮರತ್ನಿ."

ಹಾಲಸಿದ್ದಪ್ಪ ಹೊಟ್ಟೆ ಕುಣಿಸಿ ನಕ್ಕ. "ನಾ ಬೂದಗುಂಬಳ ತಂದ್ರ ನಕ್ಕಿದ್ದೆಲ್ಲವಾ! ಹಂಗಾದ್ರ ಆವತ್ತಿಂದೂ ನಿಂದ ಪ್ರತಾಪ. ಸಿದ್ದಲಿಂಗು ಕದರಮಂಡಲಗಿ ಹನುಮಪ್ಪನ ಪಾಲಾಗಿ ಬಿಡ್ತಿದ್ದ, ನಿನ್ನ ಪೂಜಾದಾಗ!" ಯೂಸುಫಸಾಬರು ನಗಲಿಲ್ಲ. "ಇದು ಯಂತ್ರದ ಮೂಗು ಅಂತ ಎಷ್ಟು ಸಲ ಹೇಳೀನಿ ನಿನಗ? ಇವತ್ತ ನೀ ಹಾರೂದಿಲ್ಲ. ಮನಿಗೆ ನಡಿ." ಅವಳ ಕೈ ಸೊಂಟದ ವೇಲಿನ ಗಂಟಿಗೆ ಹೋಯಿತು, ಅಲ್ಲೇ ನಿಂತಿತು. ಸಿದ್ದಲಿಂಗೇಶನಿಗೆ ತಿಳಿಯಿತು, ಈಗ ಏನೂ ಮಾಡಬೇಕಾಗಿಲ್ಲ. ಸುಮ್ಮನೆ ನಿಂತರೆ ಸಾಕು. ಎರಡು ನಿಂಬೆಹಣ್ಣೂ ಅವಳ ತಲೆಗೆ ಹೋಗುತ್ತವೆ, ನಳಿಗೆ ತಾನಾಗಿ ಸ್ವಚ್ಛವಾಗುತ್ತದೆ, ಅವನು ಮುಟ್ಟಿದ ತಕ್ಕಡಿ ಅವನು ಮುಟ್ಟಿದ ತಕ್ಕಡಿಯಾಗಿಯೇ ಉಳಿಯುತ್ತದೆ.

"ಪೂಜಾ ಅಲ್ರೀ ಅದು," ಎಂದಳು ಅವಳು. "ಹಬ್ಬದ ದಿವಸ ಕತ್ತರಿ ಇಲ್ಲೇ ಬಿಟ್ಟಿದ್ನಿ, ತಗೊಂಡು ಹೋಗಾಕ ಹೊಳ್ಳಿ ಬಂದಿದ್ನಿ. ಅಗಸಿ ಬಾಗಲದಾಗ ನಿಂತು ನೋಡೀನಿ. ಅಣ್ಣಾರು ಪೈಪಿಗೆ ನಿಂಬಿಹಣ್ಣು ಹಚ್ಚಾಕತ್ತಿದ್ರು. ತಕ್ಕಡಿ ತಟ್ಟಿ ತಿಕ್ಕತಾರಲ್ರಿ ಅಂಗಡ್ಯಾಗ, ಹಂಗ. ಹಿತ್ತಾಳಿಗೆ ಹುಳಿ ಹಚ್ಚಿ ಬಿಡಬೇಕಾಗತೈತಿ. ಅಂಥಾ ಅಣ್ಣಾರ ಮಾಡ್ಯಾರಂದ್ರ ಅದು ಮಶೀನಿಂದ ಕೆಲಸ ಇರಬೇಕು ಅಂತ ನಾನೂ..." ಅವಳು ಅವನ ಕಡೆ ತಿರುಗಿದಳು. "ಹೌದಲ್ರೀ ಅಣ್ಣಾರ? ತಿಕ್ಕಾಕಲ್ರೀ ಅದು?"

ಹೌದು ಎಂದರೆ ಮುಗಿಯುತ್ತಿತ್ತು. ಅವಳೇ ತನ್ನ ಕೈಯಾರೆ ಹೊಲಿದು, ಇಸ್ತ್ರಿ ಮಾಡಿ ಹಿಡಿದಿದ್ದಳು ಆ ಸುಳ್ಳನ್ನು, ಅವನ ಅಳತೆಗೆ ಸರಿಯಾಗಿ. ತಿಕ್ಕಿದೆ, ಒಳಗೆ ರಸ ಹೋದದ್ದು ಗೊತ್ತಾಗಲಿಲ್ಲ, ತಪ್ಪಾಯಿತು. ಕಸುಬಿನವನ ಕಸುಬಿನ ತಪ್ಪು. ಅವಳೂ ಬದುಕುತ್ತಿದ್ದಳು, ಅವನೂ. ಅವನ ಎಡಗಾಲಿನ ಮೀನಖಂಡ ನೆಲದ ಮೇಲೆಯೇ ನಡುಗಲು ಶುರು ಮಾಡಿತು. ಅದನ್ನು ಯಾರಾದರೂ ನೋಡಿದರೋ ಏನೋ.

"ತಿಕ್ಕಲಿಲ್ಲವಾ," ಎಂದ. "ಚುಚ್ಚಿದ್ನಿ. ಇಡೀ ಹಣ್ಣು. ಪೂಜಾದ್ದ. ನನಗ ಅಂಜಿಕಿ ಬಂದಿತ್ತು."

ದೂರದಲ್ಲಿ ರಸ್ತೆಯ ಮೇಲೆ ಟ್ರ್ಯಾಕ್ಟರ್ ಹೋಯಿತು.

"ವೇರಿಯೊ ಕೈ ಕೊಟ್ಟಿರಲಿಲ್ರಿ. ಅದು ಛಲೋ ಐತಿ. ಪೈಪು ಕಟ್ಟಿತ್ತು. ಇವತ್ತೂ ಕಟ್ಟೈತಿ. ಅದಕ್ಕ ಮುಳ್ಳಿಂದು ಬ್ಯಾಡ ಅಂದ್ನಿ."

ಹಾಲಸಿದ್ದಪ್ಪ ಬಾಯಿ ತೆರೆದ. ಸಿದ್ದಲಿಂಗೇಶ ಕಣ್ಣು ಮುಚ್ಚಿಕೊಂಡು ಕಾದ. "ಗಾಳಿಗೆ ಬೂದಗುಂಬಳ ಕಾಣತೈತೇನು ಅಂದಿದ್ದಿ." "ಅಂದಿದ್ನಿ." "ನಿಂಬಿಹಣ್ಣು ಕಾಣತೈತೇನು?" "ಇಲ್ರಿ ಸಾವ್ಕಾರ್ರ." ಹಾಲಸಿದ್ದಪ್ಪನಿಗೆ ನಗು ಬರಲಿಲ್ಲ. ಹಬ್ಬದ ದಿನದ ಸಣ್ಣ ಮುಖ ಮತ್ತೆ ಬಂದಿತ್ತು, ಈ ಸಲ ಅದು ಇನ್ನೊಬ್ಬನಿಗಾಗಿ ಬಂದಿತ್ತು. ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಆಚೆ ನೋಡಿದ. ಯೂಸುಫಸಾಬರು ಮಾತ್ರ ಸಿದ್ದಲಿಂಗೇಶನನ್ನೇ ನೋಡುತ್ತಿದ್ದರು. ಸಿಟ್ಟು ಇಳಿದಿತ್ತು, ಅದರ ಜಾಗದಲ್ಲಿ ಬಂದದ್ದು ಇನ್ನೂ ಕೆಟ್ಟದ್ದಾಗಿತ್ತು. "ಅಂಜಿಕಿ ಬಂದದ್ದು ಇರ್ಲಿ. ನಿಂಬಿಹಣ್ಣೂ ಇರ್ಲಿ," ಎಂದರು. "ಮುಂಜಾನಿಂದ ಇದನ್ನ ಹೊಟ್ಟ್ಯಾಗ ಇಟ್ಕೊಂಡು, ಈಕಿನ್ನ ಮ್ಯಾಲೆ ಕಳಸಾಕ ಸ್ಕ್ರೂ ತಿರುವಿದೆಲ್ಲೋ." ಸಿದ್ದಲಿಂಗೇಶನಿಗೆ ದ್ರಾಕ್ಷಾಯಿಣಿಯ ಕಡೆ ನೋಡಲು ಮನಸ್ಸು ಬರಲಿಲ್ಲ. ಹುಲ್ಲಿನ ಮೇಲೆ ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು, ಅದು ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ.

"ಸ್ವಚ್ಛ ಮಾಡು," ಎಂದರು ಯೂಸುಫಸಾಬರು ಕೊನೆಗೆ. "ಆಮ್ಯಾಲೆ ಬಾಯಿ ಹಚ್ಚಿ ಜಗ್ಗು. ಆಕಿ ಒಳಗ ಕುಂತು ನೋಡ್ತಾಳ. ಸರಿ ಇದ್ರ ಹಾರ್ತಾಳ. ಹಾರೂದು ಬಿಡೂದು ಆಕೀಗೆ ಬಿಟ್ಟದ್ದು."

ದ್ರಾಕ್ಷಾಯಿಣಿ ಕಾಲರಿನಿಂದ ಒಂದು ಸೂಜಿ ಕಿತ್ತು ಅವನ ಕೈಗೆ ಕೊಟ್ಟಳು. ಅಂಗೈಯಲ್ಲಿಟ್ಟಳು, ಮುಖ ನೋಡಲಿಲ್ಲ. ಸೂಜಿ ಮೈಬಿಸಿಗೆ ಬೆಚ್ಚಗಿತ್ತು. ಅವನು ಹೊಸ ಹೋಳನ್ನು ತೆಗೆದು, ತೂತಿಗೆ ಸೂಜಿ ಹಾಕಿ ಮೆಲ್ಲಗೆ ತಿರುವಿದ. ಮೊದಲು ಹಸಿ ತಿರುಳು ಬಂತು. ಅದರ ಹಿಂದೆ, ಹಬ್ಬದ ದಿನದಿಂದ ಒಳಗೆ ಕೂತು ಕರ್ರಗೆ ಒಣಗಿದ ಒಂದು ಸಿಪ್ಪೆಯ ಚೂರು ಬಂತು, ಎಳ್ಳುಕಾಳಿನಷ್ಟು. ಅಂಗೈಯಲ್ಲಿಟ್ಟುಕೊಂಡು ನೋಡಿದ. ಇಷ್ಟೇ. ಯಾವ ತಕ್ಕಡಿಯ ಮೇಲಿಟ್ಟರೂ ಮುಳ್ಳು ಅಲುಗುವಷ್ಟು ತೂಕ ಅದಕ್ಕಿರಲಿಲ್ಲ.

ನಳಿಗೆ ಬಾಯಿಯ ಎತ್ತರಕ್ಕಿಂತ ತುಸು ಕೆಳಗಿತ್ತು. ಬಗ್ಗಬೇಕಾಯಿತು. ಸೊಂಟದ ಹಿಂಭಾಗವನ್ನು ಬ್ಯಾಡಗಿ ರಸ್ತೆಯ ಕಡೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಐವತ್ತರ ಹತ್ತಿರದ ಗಂಡಸು ಗ್ಲೈಡರಿನ ಬಾಲಕ್ಕೆ ಬಾಯಿ ಹಚ್ಚಿ ನಿಂತ. ರಸ್ತೆಯಲ್ಲಿ ಬೈಕಿನ ಮೇಲೆ ಹೋಗುತ್ತಿದ್ದ ಇಬ್ಬರು ನಿಲ್ಲಿಸಿ ನೋಡಿದರು. ಹಿತ್ತಾಳೆ ಹುಳ್ಳಗಿತ್ತು, ಹಲ್ಲು ಜುಮ್ಮೆಂದಿತು. ಜೋರಾಗಿ ಎಳೆದರೆ ಮುಳ್ಳು ಮುರಿಯುತ್ತದೆ, ಎಳೆಮಗು ಎದೆಹಾಲು ಕುಡಿಯುವುದಕ್ಕಿಂತ ಮೆಲ್ಲಗೆ ಎಳೆಯಬೇಕು. ಮೆಲ್ಲಗೆ ಎಳೆದ. ಮುಂದೆ, ಬಹಳ ದೂರದಲ್ಲೆಂಬಂತೆ, ಅವಳು ಎರಡು ಸಲ ಸೀನಿದಳು.

"ಏರಾಕತ್ತಾವು!" ಎಂದು ಕೂಗಿದಳು ದ್ರಾಕ್ಷಾಯಿಣಿ. "ಎರಡೂ ಏರಾಕತ್ತಾವು!"

ಎಳೆಯುವುದು ನಿಲ್ಲಿಸಿ, ನಾಲಿಗೆಯಿಂದ ನಳಿಗೆಯ ಬಾಯಿ ಮುಚ್ಚಿ ಹಿಡಿದ. ಎಲ್ಲೂ ಸೋರಿಕೆ ಇಲ್ಲದಿದ್ದರೆ ಮುಳ್ಳುಗಳು ಈಗ ಇಳಿದು ಬಂದು ಸೊನ್ನೆಯಲ್ಲಿ ನಿಲ್ಲಬೇಕು. ಸೋರಿದರೆ ಸೊನ್ನೆ ದಾಟಿ ಕೆಳಗೆ ಹೋಗುತ್ತವೆ.

"ಸೊನ್ನಿಗೆ ಬಂದಾವು," ಎಂದಳು. "ನಿಂತಾವು." ಅವನು ಬಿಡಲು ಹೊರಟ. "ಬಿಡಬ್ಯಾಡ್ರಿ ಅಣ್ಣಾರ. ನಾ ನೋಡಾಕತ್ತೇನಿ ಇನ್ನ. ನಾ ಹೇಳೂತನಕ ಬಿಡಬ್ಯಾಡ್ರಿ."

ಬಾಯಿ ತುಂಬ ಹುಳಿ ಇತ್ತು, ಕಣ್ಣಲ್ಲಿ ನೀರು ಬಂತು, ಬೈಕಿನವರು ಫೋನು ತೆಗೆದು ವಿಡಿಯೊ ಮಾಡುತ್ತಿದ್ದರು. ಅವನು ಬಿಡಲಿಲ್ಲ.